ಫೋಟೊದಲ್ಲಿ ಸೆಕೆ ಕಾಣುವುದಿಲ್ಲ

ತೆರಕಣಾಂಬಿ ಎಂಬ ಹಳ್ಳಿಗೂ ಒಬ್ಬ ಕಟ್ಟಡ ಇನ್‌ಸ್ಪೆಕ್ಟರ್ ಇದ್ದಾನೆ. ಹಗಲೆಲ್ಲ ಜೇಬಿನಲ್ಲಿರುತ್ತಾನೆ, ರಾತ್ರಿ ಚಾರ್ಜಿಗೆ ಹಾಕಬೇಕು. ಸರ್ಕಾರಿ ಯೋಜನೆಯಲ್ಲಿ ಮನೆ ಕಟ್ಟುವವರಿಗೆ ಹಂತಹಂತವಾಗಿ ಪ್ರತ್ಯಕ್ಷನಾಗುತ್ತಾನೆ: ಪಾಯಕ್ಕೊಮ್ಮೆ, ಲಿಂಟಲ್‌ಗೊಮ್ಮೆ, ಚಾವಣಿಗೊಮ್ಮೆ, ಮುಗಿದ ಮೇಲೆ ಇನ್ನೊಮ್ಮೆ. ಬಂದಾಗಲೆಲ್ಲ ಒಂದು ಸಲ ಕಣ್ಣು ಮಿಟುಕಿಸಿ ಹೊರಡುತ್ತಾನೆ. ಜಿಪಿಎಸ್ ಫೋಟೊ ರಾಜೀವ್ ಗಾಂಧಿ ವಸತಿ ನಿಗಮ ತಲುಪಿದರೆ ಕಂತಿನ ಹಣ ಹೊರಡುತ್ತದೆ.

ಹಗುರವಾಗಿ ಕಾಣಬೇಡಿ. ಇಲ್ಲದ ಮನೆಗೆ ಬಿಲ್ ಮಾಡುವವರನ್ನು ಹಿಡಿಯಲು ಇದು ಒಳ್ಳೆಯ ಉಪಾಯವೇ. ಫೋಟೊದಲ್ಲಿ ಅಕ್ಷಾಂಶವಿದೆ, ರೇಖಾಂಶವಿದೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ಫಲಾನುಭವಿಯೂ ಇದ್ದಾರೆ. ಸೆಕೆ ಮಾತ್ರ ಇಲ್ಲ.

ಕಾಗದದ ಮೇಲೆ ಎಲ್ಲ ಸರಿಯಾಗಿದೆ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದ ಪ್ರಕಾರ ಹಳ್ಳಿಯಲ್ಲಿ ಮನೆ ಕಟ್ಟಲು ಗ್ರಾಮ ಪಂಚಾಯಿತಿಯ ಅನುಮತಿ ಬೇಕು. ಪಂಚಾಯಿತಿ ಎಂದರೆ ಪಿಡಿಒ, ಕಾರ್ಯದರ್ಶಿ, ಬಿಲ್ ಕಲೆಕ್ಟರ್, ನೀರುಗಂಟಿ. ಬೀದಿ ದೀಪ, ಕುಡಿಯುವ ನೀರು, ಉದ್ಯೋಗ ಖಾತ್ರಿ, ಕಂದಾಯ ಎಲ್ಲ ಮುಗಿದು ಪುರುಸೊತ್ತಾದರೆ ಗೋಡೆಯ ಉಷ್ಣ ನಿರೋಧಕತೆಯನ್ನೂ ಅವರೇ ಅಳೆಯಬಹುದು. ಟೇಪು ಸಿಕ್ಕರೆ.

ಇದೇ ಊರಿನ ತರಕಾರಿ ಮಾರುಕಟ್ಟೆಗೆ ಹೋಗಿ ನೋಡಿ. ವ್ಯಾಪಾರಿ ಟೊಮೆಟೊ ಕ್ರೇಟಿನ ತಳದವರೆಗೆ ಕೈ ಇಳಿಬಿಡುತ್ತಾನೆ. ಮೇಲೆ ಕೆಂಪಗೆ ಜೋಡಿಸಿಟ್ಟಿದ್ದನ್ನು ನೋಡಿ ಮರುಳಾಗುವ ಆಸಾಮಿಯಲ್ಲ. ನಾಲ್ಕು ದಿನ ಬಾಳುವ ಹಣ್ಣಿಗೆ ಅಷ್ಟು ತನಿಖೆ. ಮೊಮ್ಮಕ್ಕಳ ಕಾಲಕ್ಕೂ ನಿಲ್ಲಬೇಕಾದ ಗೋಡೆಗೆ ಎದುರಿನಿಂದ ಒಂದು ಫೋಟೊ.

ಆ ಗೋಡೆ ಮೊದಲು ಮಣ್ಣಿನದಾಗಿತ್ತು. ಒಂದೂವರೆ ಅಡಿ ದಪ್ಪ, ಮೇಲೆ ನಾಡಹೆಂಚು, ನಡುವೆ ತೊಟ್ಟಿ. ಸರ್ಕಾರದ ಪಟ್ಟಿಯಲ್ಲಿ ಅದರ ಹೆಸರು ಕಚ್ಚಾ ಮನೆ. 2011ರ ಸಾಮಾಜಿಕ ಆರ್ಥಿಕ ಗಣತಿಯಲ್ಲಿ ಕಚ್ಚಾ ಗೋಡೆ ಬಡತನದ ಗುರುತು. ಗುರುತು ಅಳಿಸಲು ಪ್ರಧಾನ ಮಂತ್ರಿ ಆವಾಸ್ ಯೋಜನೆ ಹಣ ಕೊಡುತ್ತದೆ. ಸಿಮೆಂಟ್ ಬ್ಲಾಕಿನ ಗೋಡೆ ಏಳುತ್ತದೆ, ಮೇಲೆ ಮೋಲ್ಡ್ ಬೀಳುತ್ತದೆ. ಮಾರ್ಚ್ ಬಂದರೆ ಒಳಗಿದ್ದವರು ಜಗಲಿಗೆ ಬರುತ್ತಾರೆ.

"ಹಳೇ ಮನೇಲಿ ನಿದ್ದೆ ಬತ್ತಿತ್ತು ಕಣಪ್ಪ" ಎಂದು ಅಜ್ಜಿ ಹೇಳಿದರೆ ಮೇಸ್ತ್ರಿಯ ಉತ್ತರ ಸಿದ್ಧವಿರುತ್ತದೆ: "ನಿದ್ದೆಗೆ ಕಂತಿಲ್ಲ ಕಣವ್ವ, ಮೋಲ್ಡಿಗೆ ಅದೆ."

ಅತ್ತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲೇ 'ಅಸ್ತ್ರ' ಹುಟ್ಟಿತು. ಹಳ್ಳಿಗೆ ಹೊಂದುವ ತಂತ್ರಜ್ಞಾನ ಬೇಕೆಂದು ಎ.ಕೆ.ಎನ್. ರೆಡ್ಡಿ ಕಟ್ಟಿದ ಕೇಂದ್ರ ಅದು. ಮಣ್ಣಿಗೆ ಚೂರು ಸಿಮೆಂಟ್ ಬೆರೆಸಿ ಒತ್ತಿ, ಸುಡದೆಯೇ ಇಟ್ಟಿಗೆ ಮಾಡುವುದನ್ನು ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಅಲ್ಲಿ ಪಳಗಿಸಿದರು. ಆ ಇಟ್ಟಿಗೆಗೆ ಐಎಸ್ 1725 ಎಂಬ ರಾಷ್ಟ್ರೀಯ ಮಾನಕವೂ ಇದೆ. ಹಳ್ಳಿಗಾಗಿ ಹುಟ್ಟಿದ ಇಟ್ಟಿಗೆ ಈಗ ಬೆಂಗಳೂರಿನ ಅನುಕೂಲಸ್ಥರ ಬಡಾವಣೆಯಲ್ಲಿ ನೆಲೆಸಿದೆ. ಅಲ್ಲಿ ಗಿಲಾವು ಮಾಡದ ಮಣ್ಣಿನ ಗೋಡೆ ಎಂದರೆ ಪರಿಸರ ಪ್ರೇಮ, ಇಲ್ಲಿ ಬಿಪಿಎಲ್.

ಹಾಗೆಂದು ಸೆಕೆಗೆ ನಿಯಮವೇ ಇಲ್ಲ ಎನ್ನಬೇಡಿ. 2018ರಲ್ಲಿ ಮನೆಗಳಿಗೆಂದೇ 'ಇಕೋ ನಿವಾಸ್ ಸಂಹಿತಾ' ಬಂತು. ಗೋಡೆ, ಕಿಟಕಿ ದಾಟಿ ಎಷ್ಟು ಬಿಸಿ ಒಳಗೆ ಬರಬಹುದು ಎಂಬುದಕ್ಕೆ ಚದರ ಮೀಟರಿಗೆ ಇಷ್ಟು ವಾಟ್ ಎಂದು ಮಿತಿ ಹಾಕಿತು. ಅನ್ವಯ ಯಾರಿಗೆ? ನಿವೇಶನ 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡದಿರುವವರಿಗೆ. ಮೂವತ್ತು ನಲವತ್ತರ ಸೈಟು 111 ಚದರ ಮೀಟರ್. ಅಲ್ಲಿನವರಿಗೆ ಆಗುವುದು ನಿಯಮಬದ್ಧ ಸೆಕೆಯಲ್ಲ.

ಮಳೆಗೂ ಇದೇ ಮರ್ಯಾದೆ. ಆವಾಸ್ ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ವರ್ಷಕ್ಕೆ 700 ಮಿಲಿಮೀಟರ್ ಮಳೆ ಎಂದಿಟ್ಟುಕೊಂಡರೂ ಆ ತಾರಸಿಯ ಮೇಲೆ 17,500 ಲೀಟರ್ ನೀರು ಬೀಳುತ್ತದೆ, ಚರಂಡಿಗೆ ಹೋಗುತ್ತದೆ. ಮನೆಯವರು ಕೊಡ ಹಿಡಿದು ನಲ್ಲಿಗೆ ಹೋಗುತ್ತಾರೆ. ಫೋಟೊದಲ್ಲಿ ತಾರಸಿ ಚೆನ್ನಾಗಿ ಬಂದಿದೆ.

ಈ ಮನೆಗಳಿಗೆ ಸಿಮೆಂಟಿನ ಜೊತೆಗೆ ಬೇಕಾದ ಜಲ್ಲಿ, ಎಂ ಸ್ಯಾಂಡ್‌ಗೆ ಇದೇ ತಾಲ್ಲೂಕಿನ ಗುಡ್ಡಗಳಿವೆ. 2022ರ ಮಾರ್ಚ್‌ನಲ್ಲಿ ಮಡಹಳ್ಳಿಯ ಗುಮ್ಮಕಲ್ಲು ಗುಡ್ಡದ ಕ್ವಾರಿ ಕುಸಿದು ಕಾರ್ಮಿಕರು ಸತ್ತಾಗ ಅಲ್ಲಿ ಅಧಿಕಾರಿಗಳ ಕಾರುಗಳು ಸಾಲುಗಟ್ಟಿದವು. ಪರಿಶೀಲನೆಗೆ ಗುಡ್ಡ ನಿಂತಿದ್ದರೆ ಸಾಲದು, ಬೀಳಬೇಕು.

ಬೀಳುವ ಮೊದಲೇ ಪರಿಶೀಲಿಸಿ ಎಂದರೂ ಕಷ್ಟ. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು, ಕಾಮಗಾರಿ ಪೂರ್ಣಗೊಂಡಿದೆ ಎಂಬ ಪ್ರಮಾಣಪತ್ರ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬೇಡಿ ಎಂದಿತು. ಮರುವರ್ಷ ರಾಜ್ಯದಲ್ಲಿ ಮೀಟರಿಗಾಗಿ ಹಾಹಾಕಾರ; ಸಣ್ಣ ನಿವೇಶನದ ಮನೆಗಳಿಗೆ ವಿನಾಯಿತಿ ಬಂತು. ಪರಿಶೀಲಿಸಿ ಪ್ರಮಾಣಪತ್ರ ಕೊಡುವ ಜನರನ್ನು ನೇಮಿಸುವುದಕ್ಕಿಂತ ಪ್ರಮಾಣಪತ್ರವೇ ಬೇಡ ಎನ್ನುವುದು ಅಗ್ಗ.

ನನ್ನದೂ ಒಂದು ಅಗ್ಗದ ಸಲಹೆ. ಕೊನೆಯ ಕಂತಿಗೆ ಸಹಿ ಹಾಕುವವರು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಮುದ್ದೆ ಊಟ ಮುಗಿಸಿ, ಆ ಹೊಸ ಮನೆಯೊಳಗೆ ಎರಡು ತಾಸು ಮಲಗಬೇಕು. ಫ್ಯಾನ್ ಹಾಕುವಂತಿಲ್ಲ. ನಿದ್ದೆ ಬಂದರೆ ಮನೆ ಪಾಸು. ಇಂಥ ಆದೇಶ ಹೊರಟ ದಿನವೇ ಮಡಿಕೇರಿಗೆ ವರ್ಗಾವಣೆ ಕೋರಿ ಎಷ್ಟು ಅರ್ಜಿ ಬೀಳುತ್ತವೆ ನೋಡಿ.