ಅರ್ಜಿ ಮೀಮಾಂಸೆ

ರಾಜ್ಯದ ವಿಶ್ವವಿದ್ಯಾಲಯಗಳನ್ನೂ ಕಾಲೇಜುಗಳನ್ನೂ ಒಂದೇ ಕಣಜಕ್ಕೆ ಸುರಿದ ಯುಯುಸಿಎಂಎಸ್ ಎಂಬ ಸರ್ಕಾರಿ ಜಾಲತಾಣದ ಮೂಲಕ ಪದವಿ ಪ್ರವೇಶ ನಡೆಯತೊಡಗಿದ ಮೇಲೆ, ಗುಮಾಸ್ತ-ವಿದ್ಯಾರ್ಥಿ ಸಂವಾದವು ಸ್ವತಂತ್ರ ಶಾಸ್ತ್ರವಾಗಿಯೇ ಬೆಳೆದಿದೆ.

“ಸರ್, ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದ್ದೇನೆ.”

“ಎರಡು ಸೆಟ್ ಜೆರಾಕ್ಸ್ ತಾ. ಆರ್‌ಡಿ ನಂಬರ್ ಎಲ್ಲಿ?”

ನಾಡಕಚೇರಿ ಕೊಡುವ ಜಾತಿ-ಆದಾಯ ಪ್ರಮಾಣಪತ್ರದ ನೆತ್ತಿಯ ಮೇಲಿರುವ ಈ ಸಂಖ್ಯೆಯೇ (ಹೆತ್ತವರು ಇಟ್ಟದ್ದು ಏನೇ ಇರಲಿ) ಅಭ್ಯರ್ಥಿಯ ನಿಜನಾಮಧೇಯ.

“ಇದೆ ಸರ್. ಡಿಗ್ರಿ ಮೂರು ವರ್ಷವೋ, ನಾಲ್ಕೋ?”

“2021ರಲ್ಲಿ ನಾಲ್ಕು ಮಾಡಿದ್ರು, 2024ರಲ್ಲಿ ಮೂರಕ್ಕಿಳಿಸಿದ್ರು, ನೀನು ಮುಗಿಸೋ ಹೊತ್ತಿಗೆ ಎಷ್ಟಾಗುತ್ತೋ, ಅದು ಈ ಕೌಂಟರಿಗೆ ಬರಲ್ಲ. ಒಟಿಪಿ ಹೇಳು.”

“ಅಪ್ಪನ ಫೋನಿಗೆ ಬರುತ್ತೆ, ಅವರು ಗದ್ದೆಯಲ್ಲಿದ್ದಾರೆ, ಅಲ್ಲಿ ನೆಟ್‌ವರ್ಕ್ ಸಿಗಲ್ಲ.”

ಗುಮಾಸ್ತರು ಒಣಗಿದ ಸ್ಟ್ಯಾಂಪ್ ಪ್ಯಾಡಿಗೆ ನೀರು ಚಿಮುಕಿಸಿ, “ಹಾಗಾದ್ರೆ ಗದ್ದೆಗೇ ಅಡ್ಮಿಷನ್ ಮಾಡಿಸು” ಎಂದು ಮುಂದಿನವರನ್ನು ಕರೆದರು.