ಡಬ್ಬಲ್ ಡಿಗ್ರಿಯ ತೆಳ್ಳನೆ ಫೈಲು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ: ಈ ನಾಲ್ಕು ತಾಲ್ಲೂಕಿನ ಯಾವ ಬಸ್ ನಿಲ್ದಾಣದಲ್ಲಿ ಇಳಿದರೂ ಈತ ಸಿಗುತ್ತಾನೆ. ಕಂಕುಳಲ್ಲಿ ಫೈಲು, ಜೇಬಿನಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೊ. ಎಂ.ಕಾಂ., ಬಿ.ಇಡಿ., ಅದರ ಮೇಲೆ ಕೆ-ಸೆಟ್. ಇಷ್ಟನ್ನೆಲ್ಲ ಉಚ್ಚರಿಸುವ ತಾಳ್ಮೆ ಊರವರಿಗಿಲ್ಲ. 'ಡಬ್ಬಲ್ ಡಿಗ್ರಿ' ಎಂದು ಕರೆದು ಮುಗಿಸಿದ್ದಾರೆ.

ಡಬ್ಬಲ್ ಡಿಗ್ರಿಯ ಫೈಲೂ ಡಬ್ಬಲ್ಲೇ. ದಪ್ಪನೆಯದು ಹೆಣ್ಣು ನೋಡಲು, ತೆಳ್ಳನೆಯದು ಕೆಲಸ ಕೇಳಲು. ದಪ್ಪನೆಯದನ್ನು ಹೊತ್ತು 2022ರಲ್ಲಿ ಆದಿಚುಂಚನಗಿರಿಯ ವಧು-ವರರ ಸಮಾವೇಶಕ್ಕೂ ಹೋಗಿ ಬಂದ. ಹುಡುಗಿಯರು ಕೆಲವೇ ನೂರು, ಹುಡುಗರು ಸಾವಿರಗಟ್ಟಲೆ. ಫೈಲು ಬಿಚ್ಚಲು ಮೊಣಕೈ ಆಡಿಸುವಷ್ಟೂ ಜಾಗ ಸಿಗಲಿಲ್ಲ.

ತೆಳ್ಳನೆಯದರಲ್ಲಿ ಇರುವುದು ಪಿಯುಸಿ ಅಂಕಪಟ್ಟಿ ಮತ್ತು ಆಧಾರ್ ಜೆರಾಕ್ಸು, ಅಷ್ಟೆ. ಅದನ್ನು ಹಿಡಿದು ಪಾಂಡವಪುರದ ಪೈಪಿನ ಅಂಗಡಿಯೊಂದಕ್ಕೆ ಬಿಲ್ಲು ಬರೆಯುವ ಕೆಲಸ ಕೇಳಲು ಹೋದ. ಸಾಹುಕಾರ ಹತ್ತು ಪೈಪಿನ ಬಿಲ್ಲು ಬರೆಯಲು ಹೇಳಿದರು. ಈತ ಕ್ಯಾಲ್ಕುಲೇಟರ್ ಮುಟ್ಟಲಿಲ್ಲ. 18% ಜಿಎಸ್‌ಟಿಯನ್ನು 9 ಕೇಂದ್ರಕ್ಕೆ, 9 ರಾಜ್ಯಕ್ಕೆ ಒಡೆದು, ಮೊತ್ತದ ಕೆಳಗೆ ಸ್ಕೇಲಿಟ್ಟಂತೆ ಜೋಡಿ ಗೆರೆ ಎಳೆದು ಕೊಟ್ಟ. ಸಾಹುಕಾರ ಕನ್ನಡಕ ಏರಿಸಿದರು.

"ಪಿಯುಸಿಯವ್ನ್ ಕೈ ಹಿಂಗೆ ಓಡಕಿಲ್ಲ ಕಣಪ್ಪ. ನಿಂಗೆ ಗೋಡೌನ್ ಲೆಕ್ಕ ಕಲಿಸೋಕೆ ನಂಗೆ ಆರು ತಿಂಗ್ಳು ಬೇಕು. ಏಳ್ನೇ ತಿಂಗ್ಳು ಯಾವ್ದೋ ಆರ್ಡರ್ ಬಂತು ಅಂತ ಬುಟ್ಟು ಹೊಂಟೋಯ್ತೀಯ."

ಪಕ್ಕದಲ್ಲಿ ನಿಂತಿದ್ದ ಎಸ್ಸೆಸ್ಸೆಲ್ಸಿ ಫೇಲಾದ ಮ್ಯಾನೇಜರಿಗೆ ಹೋದ ಜೀವ ಬಂತು.

ಸಾಹುಕಾರರ ಅನುಮಾನವನ್ನು ತಳ್ಳಿಹಾಕುವಂತಿಲ್ಲ. 2024ರಲ್ಲಿ 1000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ಅರ್ಜಿ ಕರೆದಾಗ, ಪಿಯುಸಿ ಸಾಕೆಂದಿದ್ದರೂ, ಲಕ್ಷಗಟ್ಟಲೆ ಅರ್ಜಿಗಳಲ್ಲಿ ಈತನದೂ ಒಂದಿತ್ತು. ಆರ್ಡರ್ ಬಂದಿದ್ದರೆ ಪೈಪು ಬಿಟ್ಟು ಓಡುತ್ತಿದ್ದುದೇ ನಿಜ.

ಹಾಗಂತ ಓದು ಮುಚ್ಚಿಟ್ಟರೂ ಕಷ್ಟ. ಪಂಜಾಬ್ ನ್ಯಾಷನಲ್ ಬ್ಯಾಂಕಿನ ಪ್ಯೂನ್ ಕೆಲಸಕ್ಕೆ ಪಿಯುಸಿ ಮಟ್ಟದ ಓದಿರಬೇಕು, ಪದವೀಧರನಾಗಿರಬಾರದು ಎಂಬ ಷರತ್ತಿತ್ತು. ಒಡಿಶಾದ ಯುವಕನೊಬ್ಬ 2014ರಲ್ಲೇ ಪಡೆದ ಪದವಿಯನ್ನು ಮುಚ್ಚಿಟ್ಟು ಅರ್ಜಿ ಹಾಕಿ ಸಿಕ್ಕಿಬಿದ್ದ. ಹೈಕೋರ್ಟು ಅವನ ಕಡೆಗಿದ್ದರೂ 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಬ್ಯಾಂಕಿನ ಪರ ನಿಂತಿತು. ಇದನ್ನು ಓದಿದ ದಿನದಿಂದ ಡಬ್ಬಲ್ ಡಿಗ್ರಿ ರಾತ್ರಿ ಎದ್ದು ತೆಳ್ಳನೆ ಫೈಲು ತಡಕುತ್ತಾನೆ, ಎಂ.ಕಾಂ. ಹಾಳೆ ಎಲ್ಲಾದರೂ ನುಸುಳಿದೆಯೇ ಎಂದು.

ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್ ಪೊಲೀಸರಂತೂ ಬುದ್ಧಿಮತ್ತೆ ಪರೀಕ್ಷೆಯಲ್ಲಿ 33 ಅಂಕ ತೆಗೆದವನನ್ನು ಸಂದರ್ಶನಕ್ಕೇ ಕರೆಯಲಿಲ್ಲ. ಅವರಿಗೆ ಬೇಕಿದ್ದುದು 20ರಿಂದ 27. ಹೆಚ್ಚು ಜಾಣನಾದರೆ ಬೇಸರವಾಗಿ ಬಿಟ್ಟುಹೋಗುತ್ತಾನೆಂಬ ವಾದವನ್ನು 2000ದಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟೂ ಒಪ್ಪಿತು. ಪೈಪಿನ ಸಾಹುಕಾರರ ಮಾತೇ, ಇಂಗ್ಲಿಷಿನಲ್ಲಿ.

ಮೊನ್ನೆ ಅದೇ ಅಂಗಡಿಯಿಂದ ಫೋನು ಬಂತು. ಜಿಎಸ್‌ಟಿ ನೋಟಿಸು ಬಂದಿದೆ, ಯಾರಿಗೂ ತಲೆಬುಡ ತಿಳಿಯುತ್ತಿಲ್ಲ. ಡಬ್ಬಲ್ ಡಿಗ್ರಿ ಹೋದ, ಓದಿದ, ನಿಂತ ಕಾಲಲ್ಲೇ ಉತ್ತರ ಬರೆದುಕೊಟ್ಟ. ಸಾಹುಕಾರ ಕಾಫಿ ತರಿಸಿ, ಪ್ರೀತಿಯಿಂದಲೇ ಗದರಿದರು:

"ಇಷ್ಟೆಲ್ಲ ಓದ್ಕಂಡು ಯಾಕ್ಲಾ ಖಾಲಿ ಕೂತಿದ್ದೀಯ?"