ಗಡಿಕಲ್ಲಪ್ಪನ ಅರ್ಥನೀತಿ

ಹರಪನಹಳ್ಳಿ ಮತ್ತು ಜಗಳೂರು ತಾಲ್ಲೂಕುಗಳ ನಡುವಿನ ಮೆಕ್ಕೆಜೋಳದ ಹೊಲದ ಬದುವಿನಲ್ಲಿ ಅರ್ಧ ಹೂತು ನಿಂತ ಕಲ್ಲು ಇದು. ಒಂದು ಕಾಲಕ್ಕೆ ಇದರ ಈಚೆ ಮದ್ರಾಸ್ ಪ್ರಾಂತ್ಯ, ಆಚೆ ಮೈಸೂರು ಸಂಸ್ಥಾನ. ಈಗ ಈಚೆ ವಿಜಯನಗರ ಜಿಲ್ಲೆ, ಆಚೆ ದಾವಣಗೆರೆ. ಸರ್ಕಾರ ಕುಗ್ಗಬೇಕು, ತೆರಿಗೆ ಇಳಿಯಬೇಕು, ನಿಯಮ ಸಡಿಲಾಗಬೇಕು ಎಂದು ಭಾಷಣ ಮಾಡುವ ಶಾಸಕರೊಬ್ಬರು ಪ್ರವಾಸಕ್ಕೆ ಬಂದಾಗಲೆಲ್ಲ ಬೇವಿನ ನೆರಳಿನಲ್ಲಿ ಇದರ ಮೇಲೆಯೇ ಕೂರುತ್ತಾರಂತೆ. ಅವರ ವಿಚಾರಗಳ ಭಾರವನ್ನು ಇಷ್ಟು ಹತ್ತಿರದಿಂದ ಹೊತ್ತವರು ಬೇರೆ ಇಲ್ಲ. ಆದ್ದರಿಂದ ಕಲ್ಲನ್ನೇ ಮಾತಾಡಿಸಿದೆವು.

ಪ್ರಶ್ನೆ: ಅಜ್ಜಾ, ಆ ಶಾಸಕರಂತೆ ನೀವೂ ಸಂಪ್ರದಾಯವಾದಿಯೇ?

ಕಲ್ಲು: ಮತ್ತೇನು ತಮ್ಮಾ? ನೆಟ್ಟಾಗಿಂದ ಒಂದು ಗೇಣು ಸರಿದಿಲ್ಲ. ಸರಿದಿದ್ದು ಸರ್ಕಾರ. 1953ರ ಅಕ್ಟೋಬರ್ 1ಕ್ಕ ನಮ್ಮನ್ನ ಮದ್ರಾಸಿಂದ ಬಿಡಿಸಿ ಮೈಸೂರಿಗೆ ಸೇರಿಸಿದ್ರು. 1997ಕ್ಕ ಹರಪನಹಳ್ಳಿನ ಬಳ್ಳಾರಿಯಿಂದ ಬಿಡಿಸಿ ದಾವಣಗೆರೆ ಜಿಲ್ಲೆ ಅಂದ್ರು. ಆಗ ಎರಡೂ ಕಡೆ ಒಂದೇ ಜಿಲ್ಲೆ, ನಂಗ ಕೆಲಸಾನೇ ಇಲ್ಲ. 2018ರ ಹೊತ್ತಿಗೆ ವಾಪಸ್ ಬಳ್ಳಾರಿ, 2021ಕ್ಕ ವಿಜಯನಗರ. ಇಷ್ಟು ವರ್ಗಾವಣೆ ಯಾವ ತಹಶೀಲ್ದಾರಗೂ ಆಗಿರಾಕಿಲ್ಲ. ಟಿ.ಎ., ಡಿ.ಎ. ಮಾತ್ರ ನಯಾಪೈಸೆ ಬಂದಿಲ್ಲ.

ಪ್ರಶ್ನೆ: ಬಳ್ಳಾರಿಗೆ ಮರಳಬೇಕೆಂಬ ಹಟ ಹರಪನಹಳ್ಳಿಗೆ ಯಾಕಿತ್ತು?

ಕಲ್ಲು: 371ಜೆ! ‘ಹೈದರಾಬಾದ್ ಕರ್ನಾಟಕ’ದ ಜಿಲ್ಲೆಗಳಿಗೆ ನೌಕರಿಯಾಗ ಪಾಲು ಕೊಡೋ ಕಲಮು ಅದು. ಸಂವಿಧಾನದ 98ನೇ ತಿದ್ದುಪಡಿಯಿಂದ ಜಾರಿಯಾದಾಗ ಬಳ್ಳಾರಿ ಅದರ ಒಳಗಿತ್ತು, ಹರಪನಹಳ್ಳಿ ಹೊರಗ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಹುಡುಗರಿಗೆ ನೌಕರಿಯಾಗ ಪಾಲು. ಕೊಟ್ಟೂರು ಆಗ ಕೂಡ್ಲಿಗಿ ತಾಲ್ಲೂಕಿನಾಗಿತ್ತು, ಅವರಿಗೂ ಪಾಲು. ನಮ್ಮ ಹುಡುಗರು ಬಾಯಿ ಬಿಟ್ಕೊಂಡು ನೋಡಿದ್ರು. ಹೈದರಾಬಾದಿನ ನಿಜಾಮ ಈ ಸೀಮೆನ 1800ರಾಗೇ ಕಂಪನಿಗೆ ಬರೆದುಕೊಟ್ಟಿದ್ದ. ಆದ್ರೂ ‘ಹೈದರಾಬಾದ್ ಕರ್ನಾಟಕ’ ಅಂದಾಗ ಒಬ್ಬರೂ ತಕರಾರು ತಗೀಲಿಲ್ಲ. ಲಾಭ ಬರೋವಾಗ ಚರಿತ್ರೆ ಯಾರಿಗೆ ಬೇಕು? ಈಗ ನನ್ನ ಈಚೆ ಹುಟ್ಟಿದವಗ ಅರ್ಹತಾ ಪತ್ರ, ಆಚೆ ಹುಟ್ಟಿದವಗ ಇಲ್ಲ. ಮಳೆ ಮಾತ್ರ ಇಬ್ಬರಿಗೂ ಒಂದೇ ಸಮ ಕೈ ಕೊಡ್ತೈತಿ.

ಪ್ರಶ್ನೆ: ನೌಕರಿ ಕೊಡುವುದು ಸರ್ಕಾರದ ಕೆಲಸವಲ್ಲ ಎನ್ನುತ್ತಾರಲ್ಲ ಶಾಸಕರು?

ಕಲ್ಲು: ಅದು ಬೆಂಗಳೂರಿನ ಭಾಷಣ. ಇಲ್ಲಿ ಬಂದ್ರ ‘ಸಿ ದರ್ಜೆಯಾಗ ನೂರಕ್ಕ 80, ಡಿ ದರ್ಜೆಯಾಗ 85 ನಿಮ್ಮ ಮಕ್ಕಳಿಗೇ’ ಅಂತ ಚಪ್ಪಾಳೆ ತಗೊಂತಾರ. ತುಂಬದ ಹುದ್ದೆಯಾಗ ನೂರಕ್ಕ ನೂರು ಕೊಟ್ರೂ ಏನು ಬಂತು? ಸಂಬಳ ಉಳೀತು ಅಂತ ಹಣಕಾಸು ಇಲಾಖೆ ಖುಷಿ, ಮೀಸಲಾತಿ ಕೊಡಿಸಿದೆ ಅಂತ ಶಾಸಕರು ಖುಷಿ. ಒಂದೇ ಖಾಲಿ ಕುರ್ಚಿ ಇಬ್ಬರನ್ನೂ ಸಾಕತೈತಿ. 2024ರ ಜುಲೈನಾಗ ಖಾಸಗಿ ಕಂಪನಿಗಳಾಗೂ ಸ್ಥಳೀಯರಿಗೆ ಪಾಲು ಅನ್ನೋ ಮಸೂದೆಗೆ ಸಂಪುಟ ಒಪ್ಪಿತು. ಉದ್ಯಮಿಗಳು ಕೂಗಾಡಿದ್ರು, ಮಸೂದೆ ಮೂಲೆ ಸೇರ್ತು. ‘ಉದ್ಯಮಕ್ಕ ಹೊರೆ’ ಅಂತ ಹೇಳಿಕೆ ಕೊಟ್ಟ ಶಾಸಕರೇ ಇಲ್ಲಿ ಕುಂತು, 371ಜೆ ಸರಿಯಾಗಿ ಜಾರಿಯಾಗಿಲ್ಲ ಅನ್ನೋ ಮನವಿ ಪತ್ರ ಇಸ್ಕೊಂಡ್ರು.

ಪ್ರಶ್ನೆ: ನಿಯಮ ಸಡಿಲವಾದರೆ ರೈತನಿಗೆ ಒಳ್ಳೆಯದಲ್ಲವೇ?

ಕಲ್ಲು: 2020ರಾಗ ಎಪಿಎಂಸಿ ಕಾಯ್ದೆ ತಿದ್ದಿ, ರೈತ ಎಲ್ಲಿ ಬೇಕಾದ್ರೂ ಮಾರಲಿ ಅಂದ್ರು. ಶಾಸಕರು ಪೇಡೆ ಹಂಚಿದ್ರು. 2025ರ ನವೆಂಬರಿನಾಗ ಮೆಕ್ಕೆಜೋಳದ ರೇಟು ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆಗಿಂತ ಬಾಳ ಕೆಳಗ ಬಿತ್ತು. ಎಲ್ಲಿ ಬೇಕಾದ್ರೂ ಮಾರೋ ಸ್ವಾತಂತ್ರ್ಯ ಇತ್ತು, ಎಲ್ಲೂ ರೇಟಿರಲಿಲ್ಲ. ಅದೇ ಶಾಸಕರು ಖರೀದಿ ಕೇಂದ್ರ ತೆರೀರಿ ಅಂತ ಧರಣಿ ಕುಂತ್ರು. ‘ಮಾರುಕಟ್ಟೆನೇ ಎಲ್ಲಾ ನೋಡ್ಕೊಂತೈತಿ ಅಂದಿದ್ರಲ್ಲ ಸಾಹೇಬ್ರ’ ಅಂದೆ. ‘ಕಲ್ಲಿಗೇನು ಗೊತ್ತು ರಾಜಕೀಯ’ ಅಂದ್ರು. ಧರಣಿ ಸರಿನೇ ಇತ್ತು. ಪೇಡೆ ಬಗ್ಗೆ ನನ್ನ ಅನುಮಾನ.

ಪ್ರಶ್ನೆ: ತೆರಿಗೆಯ ವಿಚಾರ?

ಕಲ್ಲು: ಇದರಾಗ ಎಲ್ಲಾ ಪಕ್ಷದವರೂ ನನ್ನ ಮ್ಯಾಲೆ ಕುಂತಾರ. 15ನೇ ಹಣಕಾಸು ಆಯೋಗ ಕೇಂದ್ರ ತೆರಿಗೆಯಾಗಿನ ರಾಜ್ಯದ ಪಾಲನ್ನ ಶೇ 4.713ರಿಂದ 3.647ಕ್ಕ ಇಳಿಸ್ತು. 2024ರ ಫೆಬ್ರುವರಿಯಾಗ ಸರ್ಕಾರದವರೇ ದಿಲ್ಲಿಗೆ ಹೋಗಿ ‘ನಮ್ಮ ತೆರಿಗೆ ನಮ್ಮ ಹಕ್ಕು’ ಅಂದ್ರು. ಸಿಟ್ಟು ನ್ಯಾಯವೇ. ಆದ್ರ ಅದೇ ಮಾತನ್ನ ನಾಳೆ ಬೆಂಗಳೂರಿನವರು ನಮಗ ಅಂದ್ರ? ‘ಹೈದರಾಬಾದ್ ಕರ್ನಾಟಕ’ಕ್ಕ ಈಗ ಕಲ್ಯಾಣ ಕರ್ನಾಟಕ ಅಂತ ಹೆಸರು; ಅದರ ಅಭಿವೃದ್ಧಿ ಮಂಡಳಿಗೆ ಬಜೆಟ್ಟಿನಾಗ 5,000 ಕೋಟಿ ಬರೀತಾರ. ಅಷ್ಟೂ ದುಡ್ಡು ನಮ್ಮ ಸಂತೆ ಸುಂಕದಾಗ ಹುಟ್ಟಿದ್ದಲ್ಲ.

ಪ್ರಶ್ನೆ: ಸರ್ಕಾರದ ಗ್ಯಾರಂಟಿ ಯೋಜನೆಗಳು ದುಂದುವೆಚ್ಚ ಎನ್ನುತ್ತಾರೆ ಶಾಸಕರು.

ಕಲ್ಲು: ಮೈಕಿನಾಗ ಹಂಗಂತಾರ. ಮೈಕು ಇಳಿಸಿದ ಮ್ಯಾಲೆ, ‘ಯವ್ವಾ, ನಿಂಗ ಎರಡು ಸಾವಿರ ಬಂತೋ ಇಲ್ಲೋ? ಬರದಿದ್ರ ಹೇಳು, ಫೋನ್ ಮಾಡತೀನಿ’ ಅಂತಾರ.

ಪ್ರಶ್ನೆ: ಆದರೂ ಸರ್ಕಾರವೇ ಸಮಸ್ಯೆ ಎಂದು ಅಮೆರಿಕದ ಅಧ್ಯಕ್ಷ ರೇಗನ್ 1981ರಲ್ಲೇ ಹೇಳಿದ್ದರಲ್ಲ? ನಮ್ಮಲ್ಲಿ ರಾಜಾಜಿ ಅದಕ್ಕಾಗಿಯೇ 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದರು.

ಕಲ್ಲು: ರಾಜಾಜಿ ಗೊತ್ತಿಲ್ಲೇನು? ನಾವು ಮದ್ರಾಸು ಬಿಡೋವಾಗ ಅವರೇ ಮುಖ್ಯಮಂತ್ರಿ. ಲೈಸೆನ್ಸು, ಪರ್ಮಿಟ್ಟು ಅಂತ ಅಲೆಸೋ ಸರ್ಕಾರ ಬ್ಯಾಡ ಅಂದ್ರು, ಒಪ್ಪತೀನಿ. ಆದ್ರ ಇಲ್ಲಿ ಅಲೆಸೋ ಟೇಬಲ್ ಒಂದೂ ಕಮ್ಮಿ ಆಗಿಲ್ಲ. ಕಮ್ಮಿ ಆಗಿದ್ದು ಪಾಠ ಹೇಳೋ ಮೇಷ್ಟ್ರು, ಸೂಜಿ ಹಾಕೋ ನರ್ಸು. ಸುಗ್ಗಿ ಮುಗಿದ್ರ ತಾಂಡಾದ ಮಂದಿ ಕಾಫಿ ತೋಟಕ್ಕ, ಕಬ್ಬು ಕಡಿಯಾಕ ಗುಳೆ ಹೊಂಡತಾರ. ಕಡಿಮೆ ಸರ್ಕಾರ ಹೆಂಗಿರ್ತೈತಿ ಅಂತ ನೋಡಾಕ ಅಮೆರಿಕಕ್ಕ ಹೋಗೋದು ಬ್ಯಾಡ ತಮ್ಮಾ, ನಮ್ಮ ಈ ತಾಲ್ಲೂಕುಗಳನ್ನ ಸುತ್ತಿದ್ರ ಸಾಕು. ಇಲ್ಲಿ ಅದರ ಹೆಸರು ‘ಹುದ್ದೆ ಖಾಲಿ ಇದೆ’.

ಪ್ರಶ್ನೆ: ಓದುಗರಿಗೆ ಏನು ಹೇಳುತ್ತೀರಿ?

ಕಲ್ಲು: ಓಟು ಕೇಳಾಕ ಬಂದವರು ಸರ್ಕಾರದ ಖರ್ಚು ಕಮ್ಮಿ ಮಾಡತೀವಿ ಅಂದ್ರ ಜಗಳ ತಗೀಬ್ಯಾಡ್ರಿ. ಯಾವ ಊರಿನ, ಯಾವ ಖರ್ಚು ಅಂತ ಹೆಸರು ಹಿಡಿದು ಹೇಳ್ರಿ ಅನ್ರಿ. ಹುದ್ದೆ ಕೊಡಿಸತೀವಿ ಅನ್ನೋರಿಗೂ ಅದೇ ಕೇಳ್ರಿ: ಯಾವ ಇಲಾಖೆ, ಎಷ್ಟು, ಎಂದು? ಬಾಯಾಗ ಹೇಳಿದ್ದು ಸಾಲದು, ಬರೆದುಕೊಡಲಿ.